ಪಾದ ಕಾಣುವ ಜಾಗ

ಮೊನ್ನೆ ನನ್ನ ಹೆಂಡತಿ ಸುಮಿತ್ರಾ ನನ್ನ ಬಟ್ಟೆಯ ಚೀಲವನ್ನು ಒಗೆಯಲು ಹಾಕುವ ಮೊದಲು ಬೋರಲು ಮಾಡಿ ಕೊಡವಿದಳು. ಕನ್ನಡಕದ ಡಬ್ಬಿ, ಎರಡು ಹಳೆಯ ಆಮಂತ್ರಣ ಪತ್ರಿಕೆ, ಕಾಗದದಲ್ಲಿ ಸುತ್ತಿಟ್ಟು ಮರೆತಿದ್ದ ಶೇಂಗಾ ಚಿಕ್ಕಿ, ಇವುಗಳ ಹಿಂದೆಯೇ ನನ್ನ ಉಕ್ಕಿನ ಟೇಪು ಠಣ್ಣೆಂದು ನೆಲಕ್ಕೆ ಬಿತ್ತು.

"ರಿಟೈರ್ ಆಗಿ ನಾಕ ವರ್ಷ ಆತು. ಇನ್ನೂ ಇದನ್ನ ಕಟಗೊಂಡು ತಿರಗತೀರಲ್ರೀ," ಎಂದಳು. "ಡ್ಯಾನ್ಸ್ ನೋಡಾಕ ಹೋಗವ್ರು ಯಾರರೆ ಟೇಪ್ ಒಯ್ತಾರೇನು?"

ಒಯ್ಯುತ್ತಾರೆ. ನಾನು ಒಯ್ಯುತ್ತೇನೆ. ನಾನು ಬೆಳಗಾವಿ ಹೊರಗಿನ ಮಚ್ಛೆಯ ಒಂದು ಮಷಿನ್ ಶಾಪಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ವಾಪಸು ಬರುವ ಕೆಲಸ ಅದು. ಆ ಕೆಲಸ ಬಿಟ್ಟರೂ ಅಳೆಯುವ ಚಟ ಬಿಡಲಿಲ್ಲ. ಅದರ ಮೇಲೆ ದೇವರು ನನ್ನನ್ನು ಐದಡಿ ಒಂದಿಂಚಿಗೇ ಕತ್ತರಿಸಿ ಕಳಿಸಿದ್ದಾನೆ. ಈ ಊರಿನಲ್ಲಿ ನಾನು ಯಾವ ಕಾರ್ಯಕ್ರಮಕ್ಕೆ ಹೋದರೂ ನನ್ನ ಮುಂದೆಯೇ ಒಬ್ಬ ಆರಡಿಯ ಗೃಹಸ್ಥ, ಅವನ ಪಕ್ಕದಲ್ಲಿ ತಲೆತುಂಬ ಅಬ್ಬಲಿಗೆ ಮುಡಿದ ಅವನ ಹೆಂಡತಿ ಬಂದು ಕೂಡಬೇಕೆಂದು ಎಲ್ಲಿಯೋ ಬರೆದಿಟ್ಟಿರಬೇಕು. ಹೀಗಾಗಿ ನೃತ್ಯ ನೋಡುವವನು ಮೊದಲು ಜಾಗ ನೋಡಬೇಕು ಎನ್ನುವುದು ನನ್ನ ಸಿದ್ಧಾಂತ.

ನೀವು ಕೇಳಬಹುದು, ಇಷ್ಟೆಲ್ಲ ನೋಡುವ ನೀವು ಕುಣಿಯುತ್ತೀರೋ ಎಂದು. ಇಲ್ಲ. ಕಾರ್ಖಾನೆಯ ಗಣಪತಿಯನ್ನು ಕಳಿಸುವ ದಿನ ನಮ್ಮ ಹುಡುಗರೆಲ್ಲ ಮೈಮೇಲೆ ಬಂದವರಂತೆ ಕುಣಿಯುವಾಗ ಅವರ ಚಪ್ಪಲಿ, ಮೊಬೈಲು, ಊಟದ ಡಬ್ಬಿ ಹಿಡಿದುಕೊಂಡು ಬಾಜೂಕ್ಕೆ ನಿಲ್ಲುವ ಕೆಲಸ ಮೂವತ್ತು ವರ್ಷವೂ ನನ್ನದೇ ಆಗಿತ್ತು. ಒಮ್ಮೆ ಯಾರೋ ಕೈಹಿಡಿದು ಎಳೆದರು. ಎರಡು ಹೆಜ್ಜೆ ಹಾಕಿದೆ. ಬ್ಯಾಂಡಿನವನು ಬಾರಿಸುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದ. ಅಂದಿನಿಂದ ಡಬ್ಬಿ ಹಿಡಿಯುವ ಕೆಲಸವನ್ನು ಖುಷಿಯಿಂದ ಒಪ್ಪಿಕೊಂಡಿದ್ದೇನೆ.

ಆದರೆ ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೆಳಗಾವಿಯಲ್ಲಿ ಎಲ್ಲಿ ನಿಂತರೆ ಏನು ಕಾಣುತ್ತದೆ ಎಂದು ನನ್ನನ್ನು ಕೇಳಿ. ನವೆಂಬರ್ ಒಂದರ ಮೆರವಣಿಗೆಗೆ ಮಹಡಿ ಹತ್ತಬೇಡಿ, ಮೇಲಿನಿಂದ ತಲೆ ಮತ್ತು ಧೂಳು ಮಾತ್ರ ಕಾಣುತ್ತವೆ. ಬಾಗಿಲು ಹಾಕಿದ ಅಂಗಡಿಯ ಎರಡನೆಯ ಮೆಟ್ಟಿಲು ಹಿಡಿಯಿರಿ. ಅದೂ ಬೆಳಿಗ್ಗೆ ಒಂಬತ್ತರೊಳಗೆ ಹಿಡಿಯಬೇಕು, ಆಮೇಲೆ ನೋಡಲು ಬಂದವರೂ ಕುಣಿಯುವವರೇ ಆಗಿಬಿಡುತ್ತಾರೆ. ಲೇಜಿಮ್ ನೋಡುವುದಾದರೆ ಓಣಿ ತಿರುಗುವ ಮೂಲೆಯಲ್ಲಿ ನಿಲ್ಲಿ, ಸಾಲು ಮುರಿದು ಮತ್ತೆ ಕೂಡುವುದು ಅಲ್ಲಿ ಮಾತ್ರ ಕಾಣುತ್ತದೆ. ದಾಂಡಿಯಾಕ್ಕೆ ಬಿದಿರಿನ ಬೇಲಿಗೆ ಒತ್ತಿ ನಿಲ್ಲಬೇಡಿ, ಕೋಲು ಯಾರ ಕೈಯಿಂದ ಯಾವಾಗ ಹಾರುತ್ತದೋ ಹೇಳಲಾಗದು. ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಾತ್ರ ಹೋಗುವುದನ್ನೇ ಬಿಟ್ಟಿದ್ದೇನೆ. ಅಲ್ಲಿ ಪ್ರತಿಯೊಬ್ಬ ತಂದೆಯೂ ಮೊಬೈಲು ಎತ್ತಿಕೊಂಡು ಕುರ್ಚಿಯ ಮೇಲೆ ನಿಲ್ಲುತ್ತಾನೆ. ನೀವು ನೋಡುವುದು ಮಕ್ಕಳ ನೃತ್ಯವನ್ನಲ್ಲ, ನಲವತ್ತು ಮೊಬೈಲಿನಲ್ಲಿ ನಲವತ್ತು ಸಣ್ಣ ನೃತ್ಯಗಳನ್ನು.

ಸಭಾಂಗಣಗಳ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮುಂದಿನ ಸಾಲಿನಲ್ಲಿ ಗಣ್ಯರ ಸೋಫಾ. ಗಣ್ಯರು ದೀಪ ಹಚ್ಚಿ, ಶಾಲು ಹೊದ್ದು, ಪೇಟಾ ಸುತ್ತಿಸಿಕೊಂಡು, "ನನಗೆ ಇನ್ನೊಂದು ಕಾರ್ಯಕ್ರಮ ಇರುವುದರಿಂದ" ಎಂದು ಹೇಳಿ ಎದ್ದು ಹೋಗುತ್ತಾರೆ. ಅವರು ಹೋದ ಮೇಲೆ ಗೆಜ್ಜೆ ಸದ್ದು ಶುರುವಾಗುತ್ತದೆ. ಆದರೂ ಆ ಸೋಫಾದ ಮೇಲೆ ಯಾರೂ ಕೂಡುವುದಿಲ್ಲ. ಖಾಲಿ ಸೋಫಾಗಳು ಮುಂದೆ ಕೂತು ನೃತ್ಯ ನೋಡುತ್ತವೆ, ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾವು ಕತ್ತು ಚಾಚುತ್ತೇವೆ. ಇನ್ನು ವೇದಿಕೆಯ ಅಂಚಿಗೆ ಸ್ಪೀಕರು, ಅದರ ಪಕ್ಕ ಬ್ಯಾನರು, ಅದರ ಮುಂದೆ ಹೂಕುಂಡ. ಕುಣಿಯುವವರ ಮುಖ ಕಂಡೀತು, ಕೈ ಕಂಡೀತು, ಪಾದ ಮಾತ್ರ ಕಾಣುವುದಿಲ್ಲ. ಪಾದ ಕಾಣದ ನೃತ್ಯವನ್ನು ನಾನು ಅರ್ಧ ಬೇಯಿಸಿದ ರೊಟ್ಟಿಯೆಂದೇ ತಿಳಿಯುತ್ತೇನೆ.

ಈ ಪಾದದ ಹುಚ್ಚು ನನಗೆ ಹತ್ತಿದ್ದು ನಾನು ಹುಟ್ಟಿದ ಖಾನಾಪುರದಲ್ಲಿ, ಯಲ್ಲಕ್ಕನ ಹೆಗಲ ಮೇಲೆ. ಯಲ್ಲವ್ವ ನನ್ನ ಸ್ವಂತ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಕುರಿಯ ಹಿಂದೆ, ಅವ್ವ ಹೊಲದಲ್ಲಿ, ನಾನು ಅಕ್ಕನ ಸೊಂಟದ ಮೇಲೆ. ಪೇಟೆಯಲ್ಲಿ ಲೇಜಿಮ್ ಬಂದರೆ ಅಕ್ಕ ನನ್ನನ್ನು ಹೆಗಲಿಗೇರಿಸಿಕೊಂಡು ಓಡುತ್ತಿದ್ದಳು. ಜನರ ನಡುವೆ ನುಗ್ಗಿ, ಒಬ್ಬರ ಬೈಗಳಕ್ಕೂ ಸೊಪ್ಪು ಹಾಕದೆ, ನನಗೆ ಕಾಣುವ ಜಾಗ ಸಿಗುವವರೆಗೆ ಬಿಡುತ್ತಿರಲಿಲ್ಲ. ಪಂಚಮಿಯ ದಿನ ಬಾಜೂ ಮನೆಯ ಮರಾಠಿ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೈಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಡುತ್ತಿದ್ದರು. ಗಂಡುಹುಡುಗರಿಗೆ ಒಳಗೆ ಪ್ರವೇಶವಿಲ್ಲ. ಅಕ್ಕ ನನ್ನನ್ನು ಹಿತ್ತಲ ಕಿಟಕಿಗೆ ಎತ್ತಿ ಹಿಡಿಯುತ್ತಿದ್ದಳು.

"ಏನ್ ಕಾಣತೈತೋ?"

"ಕಾಲು! ಬರೇ ಕಾಲು, ಯಕ್ಕಾ!"

"ಹ್ಯಾಂಗ ಅದಾವ?"

ನಾನು ಹೇಳುತ್ತಿದ್ದೆ, ಅವಳು ಕೆಳಗಿನಿಂದ ಕೇಳುತ್ತಿದ್ದಳು. ಆಗ ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ನಾನು ನೋಡಿದ್ದನ್ನು ಅವಳು ಕೇಳಿಯೇ ತೃಪ್ತಿಪಟ್ಟಳು. ಅವಳಿಗೆ ಕಂಡದ್ದು ಗೋಡೆಯ ಸುಣ್ಣ ಮಾತ್ರ ಎನ್ನುವುದು ನನಗೆ ಹೊಳೆದದ್ದು ತೀರ ಇತ್ತೀಚೆಗೆ. ಮನುಷ್ಯ ಅರವತ್ತು ದಾಟಿದ ಮೇಲೆ ನಾಚಿಕೊಳ್ಳಲು ಇಷ್ಟೊಂದು ಹಳೆಯ ಸಂಗತಿಗಳು ಸಿಗುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಕ್ಕನನ್ನು ಖಾನಾಪುರದಲ್ಲೇ ಕೊಟ್ಟರು. ಈಗಲೂ ಅಲ್ಲೇ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಜೋರಾಗಿದ್ದಾಳೆ. ಅವಳ ಕಿವಿ ಮಾತ್ರ ವರ್ಷ ವರ್ಷಕ್ಕೆ ಮಂದವಾಗುತ್ತಾ ಹೋಗಿ, ಈಗ ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಅಷ್ಟಿಷ್ಟು ಕೇಳುತ್ತದೆ. ಯಂತ್ರ ತಂದುಕೊಟ್ಟೆವು. "ಕಿವ್ಯಾಗ ಕಪ್ಪಿ ಕುಂತಂಗ ಆಗತೈತಿ," ಎಂದು ತೆಗೆದಿಟ್ಟಳು. ಸಾಲೆಗೆ ಹೋದವಳಲ್ಲ, ಹಾಗಾಗಿ ಬರೆದು ತೋರಿಸುವಂತೆಯೂ ಇಲ್ಲ.

ಕಿವಿ ಕೇಳದ ಈ ಅಕ್ಕ ಮಾಡುವ ಕೆಲಸ ಗೆಜ್ಜೆ ಪೋಣಿಸುವುದು. ನಗಬೇಡಿ. ಅವ್ವನಿಂದ ಕಲಿತದ್ದು. ಎತ್ತಿನ ಕೊರಳಿಗೆ ಹಾಕುವ ಗೆಜ್ಜೆಸರವನ್ನು ಹತ್ತಿಯ ಹುರಿಯಲ್ಲಿ ಒಂದೊಂದೇ ಗೆಜ್ಜೆ ಕೂಡಿಸಿ, ಪ್ರತಿ ಗೆಜ್ಜೆಯ ಹಿಂದೆ ಎರಡು ಸುತ್ತಿನ ಗಂಟು ಬಿಗಿದು ಮಾಡುತ್ತಾಳೆ. ಎತ್ತು ಹೊಲದಲ್ಲಿ ಕತ್ತು ಜಾಡಿಸಿದರೂ ಒಂದು ಗೆಜ್ಜೆ ಉದುರಬಾರದು. ನಾನು ಲೇತಿನ ಮುಂದೆ ಕಲಿತ ಬಿಗಿ ಅವಳ ಬೆರಳಲ್ಲಿ ಹುಟ್ಟಿನಿಂದಲೇ ಇತ್ತು.

ಎತ್ತುಗಳು ಕಮ್ಮಿಯಾದವು. ಅಕ್ಕನ ಕೈ ಖಾಲಿ ಕೂಡುವ ಜಾತಿಯದಲ್ಲ. ಆ ಹೊತ್ತಿಗೆ ಮಹಾಂತೇಶ ನಗರದ ನಮ್ಮ ಹಿಂದಿನ ಓಣಿಯಲ್ಲಿ ವೈಶಾಲಿ ಬಾಯಿ ಎಂಬವರು ಭರತನಾಟ್ಯದ ಕ್ಲಾಸು ತೆರೆದಿದ್ದರು. ಸಂಜೆ ತಿರುಗಾಡಲು ಹೋಗುವ ನೆಪದಲ್ಲಿ ನಾನು ಅವರ ಗೇಟಿನ ಹತ್ತಿರ ಚಪ್ಪಲಿಯ ಉಂಗುಷ್ಟ ಸರಿಪಡಿಸಿಕೊಳ್ಳುತ್ತಾ ಬಹಳ ಹೊತ್ತು ನಿಲ್ಲುತ್ತಿದ್ದೆ. ನಾಲ್ಕನೆಯ ದಿನ ಅವರೇ ಹೊರಗೆ ಬಂದು, "ಕಾಕಾ, ಆ ಚಪ್ಪಲ್ ದಿನಾ ಹರೀತದೇನ್ರಿ? ಒಳಗ ಬಂದು ಕುಂದರ್ರಿ," ಎಂದರು. ಹಾಗೆ ಒಳಗೆ ಹೋದವನು ಒಂದು ದಿನ, ಗಟ್ಟಿ ಗೆಜ್ಜೆ ಸಿಗುವುದಿಲ್ಲ, ತಂದ ತಿಂಗಳಿಗೇ ಉದುರುತ್ತವೆ ಎಂದು ಅವರು ಗೊಣಗುವುದನ್ನು ಕೇಳಿದೆ. "ಉದರದಂಥಾ ಗೆಜ್ಜಿ ನಮ್ಮಕ್ಕ ಮಾಡ್ತಾಳ್ರಿ," ಎಂದುಬಿಟ್ಟೆ.

ಮೊದಲ ಜೋಡಿ ನೋಡಿ ವೈಶಾಲಿ ಬಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕಣ್ಣು ಮುಚ್ಚಿದರು. ಎಂಟು ಹುಡುಗಿಯರಿಗೆ ಎಂಟು ಜೋಡಿ ಹೇಳಿದರು. ನಾನು ಖಾನಾಪುರದ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ತಂದೆ. ಬಸ್ಸು ಪ್ರತಿ ತಗ್ಗಿಗೆ ಹಾರಿದಾಗಲೂ ನನ್ನ ತೊಡೆ ಝಲ್ಲೆನ್ನುತ್ತಿತ್ತು. ಬಾಜೂಕ್ಕೆ ಕುಳಿತ ಅಜ್ಜ ನನ್ನಿಂದ ಸ್ವಲ್ಪ ದೂರ ಸರಿದ.

ಎರಡು ತಿಂಗಳ ಮೇಲೆ ವೈಶಾಲಿ ಬಾಯಿ ನನ್ನನ್ನು ಬದಿಗೆ ಕರೆದರು. "ಕಾಕಾ, ಅಕ್ಕಾರಿಗೆ ಒಂದ್ ಮಾತು ಹೇಳ್ತೀರೇನು? ಧ್ವನಿ ಭಾಳ ಚಂದ ಅದ. ಆದ್ರ ಒಳಗಿನ ಗಂಟು ಹುಡುಗ್ಯಾರ ಕಣಕಾಲಿಗೆ ಒತ್ತತಾವ. ಅಷ್ಟ ಸರಿಮಾಡಿದ್ರ ಮತ್ತ ಹನ್ನೆರಡು ಜೋಡಿ ಬೇಕು."

ಹೇಳುತ್ತೇನೆ ಎಂದು ಹೊರಟೆ. ಖಾನಾಪುರ ಮುಟ್ಟಿದೆ. ಅಕ್ಕ ಕಟ್ಟೆಯ ಮೇಲೆ ಕುಳಿತು, ಹುರಿಯ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಎಳೆಯುತ್ತಾ, ಮುಖವೆತ್ತಿ, "ಏನಂದ್ರು?" ಎಂದಳು. ಇಡೀ ಓಣಿಯ ಹೆಂಗಸರು ಅಲ್ಲೇ ಇದ್ದರು. ಇಲ್ಲಿ ನಿಮಗೆ ಒಂದು ಸಂಗತಿ ತಿಳಿಸಬೇಕು. ಕಿವಿ ಕೇಳದವರಿಗೆ ಹೊಗಳಿಕೆ ತಲುಪಿಸಲು ಒಂದು ಸನ್ನೆ ಸಾಕು, ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಎತ್ತಿದರೆ ಮುಗಿಯಿತು. ದೂರು ತಲುಪಿಸಬೇಕಾದರೆ ಊರಿಗೆಲ್ಲ ಕೇಳುವಂತೆ ಕೂಗಬೇಕು. ಎಪ್ಪತ್ತೆರಡರ ಅಕ್ಕನ ಕೈಕೆಲಸ ಒತ್ತುತ್ತದೆ, ಚುಚ್ಚುತ್ತದೆ ಎಂದು ಓಣಿಯ ನಡುವೆ ಕೂಗಲು ನನ್ನ ನಾಲಿಗೆ ಹೊರಳಲಿಲ್ಲ. ಬೆರಳು ಕೂಡಿಸಿ ಎತ್ತಿದೆ. ಅಕ್ಕ ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿ, ಸೆರಗು ಸರಿಪಡಿಸಿಕೊಂಡು ಮತ್ತೆ ಗಂಟು ಬಿಗಿದಳು.

ವೈಶಾಲಿ ಬಾಯಿ ಹನ್ನೆರಡು ಜೋಡಿಯನ್ನು ಹೇಳಲಿಲ್ಲ. ಬೇರೆ ಎಲ್ಲಿಂದಲೋ ತರಿಸಿದರು ಎಂದು ಗೊತ್ತಾಯಿತು. ನಾನು ಗೇಟಿನ ಮುಂದಿನ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ತಿರುಗಾಡತೊಡಗಿದೆ. ಅತ್ತ ಅಕ್ಕ ಹೋದಾಗಲೆಲ್ಲ ಕೇಳುತ್ತಿದ್ದಳು. "ಚಲೋ ಅದಾವ ಅಂತಿ. ಮತ್ಯಾಕ ಯಾರೂ ಕೇಳವಲ್ರು?" ನಾನು ಮಳೆ, ಪರೀಕ್ಷೆ, ಮಾರ್ಕೆಟ್ಟು ಡಲ್ಲು ಎಂದು ಕೈ ಆಡಿಸುತ್ತಿದ್ದೆ. ಮಳೆಗೂ ಭರತನಾಟ್ಯಕ್ಕೂ ಏನು ಸಂಬಂಧವೋ ನನಗೂ ಗೊತ್ತಿಲ್ಲ.

ಒಂದು ದಿನ ಅಕ್ಕ ಹುರಿಯನ್ನು ಕೆಳಗಿಟ್ಟಳು. "ನೀ ಹೇಳೂದು ನನಗ ಕೇಳಸೂದಿಲ್ಲ. ನಾ ಕಣ್ಣೀಲೆ ನೋಡ್ತೀನಿ. ನನ್ನ ಗೆಜ್ಜಿ ಕಾಲಾಗ ಹ್ಯಾಂಗ ಕುಂತಾವು ನೋಡಬೇಕು ನಾನು. ಕಾಲು ಕಾಣೂವಲ್ಲಿ ಕರಕೊಂಡ ಹೋಗು."

ನಮ್ಮ ಅಕ್ಕ ಪಟ್ಟು ಹಿಡಿದರೆ ಟಗರೂ ದಾರಿ ಬಿಡುತ್ತಿತ್ತು. ನಾನೂ ಒಳಗೊಳಗೇ ಒಂದು ನಿರ್ಧಾರ ಮಾಡಿದೆ. ನನ್ನನ್ನು ಹೆಗಲ ಮೇಲೆ ಹೊತ್ತು ಜಾಗ ಹುಡುಕಿದವಳಿಗೆ ನಾನು ಒಂದು ಜಾಗ ಹುಡುಕಿ ಕೊಡಲೇಬೇಕು. ಗಂಟಿನ ವಿಷಯವೋ? ದೂರದಿಂದ ಗಂಟು ಕಾಣುವುದಿಲ್ಲವಲ್ಲ, ಗೆಜ್ಜೆ ಮಾತ್ರ ಮಿಂಚುತ್ತವೆ, ಅಕ್ಕನಿಗೆ ಸಂತೋಷವಾಗುತ್ತದೆ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಣಬೇಕು, ಆದರೆ ಬಹಳ ಕಾಣಬಾರದು. ಟೇಪು ಹಿಡಿದ ಮನುಷ್ಯನೂ ಇಂಥ ಲೆಕ್ಕ ಹಾಕುತ್ತಾನೆ ನೋಡಿ.

ಮೊದಲು ಕಾಕತಿಗೆ ಕರೆದೊಯ್ದೆ. ಅಲ್ಲಿ ಒಂದು ಉದ್ಘಾಟನೆಗೆ ಡೊಳ್ಳಿನ ತಂಡ ಬಂದಿತ್ತು. ನೆಲದ ಮೇಲೆ ಕುಣಿಯುತ್ತಾರೆ, ವೇದಿಕೆಯ ತಕರಾರೇ ಇಲ್ಲ. ಡೊಳ್ಳಿನ ಏಟು ಎದೆಗೇ ಬಿದ್ದು ಅಕ್ಕನ ಮುಖ ಅರಳಿತು. "ಅಪ್ಪನ ಡೊಳ್ಳು ಹಿಂಗ ಇತ್ತು," ಎಂದಳು. ಆಮೇಲೆ ಬಗ್ಗಿ ಅವರ ಕಾಲು ನೋಡಿ ತಲೆಯಾಡಿಸಿದಳು. "ಇವು ನನ್ನ ಗೆಜ್ಜಿ ಅಲ್ಲ. ನಡಿ."

ಎರಡನೆಯ ಸಲ ಪೇಟೆಯ ಒಂದು ಸಭಾಂಗಣಕ್ಕೆ ಹೋದೆವು. ವೈಶಾಲಿ ಬಾಯಿಯ ಹುಡುಗಿಯರದು ಅಲ್ಲಿ ಒಂದೇ ನೃತ್ಯವಿತ್ತು. ಮೂರನೆಯ ಸಾಲಿನಲ್ಲಿ ಕುಳಿತೆವು. ನನ್ನ ಆರಡಿಯ ಗೃಹಸ್ಥ ಸಮಯಕ್ಕೆ ಸರಿಯಾಗಿ ಬಂದು ಅಕ್ಕನ ಮುಂದೆ ಕುಳಿತ. ಅಕ್ಕ ಅವನ ಬಲಕ್ಕೆ ಬಾಗಿದಳು, ಅವನೂ ಬಲಕ್ಕೆ ಬಾಗಿದ. ಎಡಕ್ಕೆ ಬಾಗಿದಳು, ಅವನೂ ಎಡಕ್ಕೆ. ಹತ್ತು ನಿಮಿಷ ಇಬ್ಬರೂ ಹೀಗೆ ತೂಗಾಡಿದರು. ಬರುವಾಗ ಬಸ್ಸಿನಲ್ಲಿ ಅಕ್ಕ, "ಅವನ ಕಿವಿ ಹಿಂದ ಒಂದು ನರೂಲಿ ಐತಿ," ಎಂದಷ್ಟೇ ಹೇಳಿದಳು. ಅವಳು ಕಂಡದ್ದು ಅಷ್ಟೇ.

ಹೀಗೆ ಬಿಡಬಾರದು ಎನಿಸಿತು. ವೈಶಾಲಿ ಬಾಯಿಯ ಕ್ಲಾಸಿನ ವಾರ್ಷಿಕ ಕಾರ್ಯಕ್ರಮ ಒಂದು ರವಿವಾರ ಮಧ್ಯಾಹ್ನ ಇತ್ತು. ನಾನು ಬೆಳಿಗ್ಗೆ ಎಂಟಕ್ಕೇ ಟೇಪು ಹಿಡಿದು ಸಭಾಂಗಣಕ್ಕೆ ಹೋದೆ. ಕಸ ಹೊಡೆಯುತ್ತಿದ್ದ ಹೆಂಗಸು ನನ್ನನ್ನು ಸರ್ಕಾರದ ಮನುಷ್ಯ ಎಂದುಕೊಂಡು ಬಕೆಟ್ಟು ಬದಿಗಿಟ್ಟಳು. ವೇದಿಕೆಯ ಎತ್ತರ ಮೂರಡಿ. ಸೋಫಾದ ಮೇಲೆ ಕುಳಿತರೆ ಅಕ್ಕನ ಕಣ್ಣು ಮೂರೂವರೆ ಅಡಿಗೆ ಬರುತ್ತದೆ. ಪಾದ ಪೂರ್ತಿ ಕಾಣುತ್ತದೆ! ಬಹಳ ಕಾಣಬಾರದು ಎನ್ನುವ ಲೆಕ್ಕ ಅಳೆಯುವ ಹುಮ್ಮಸ್ಸಿನಲ್ಲಿ ಮರೆತೇಹೋಗಿ, ಎರಡು ಸಲ ಅಳೆದೆ. ಗಣ್ಯರು ಎದ್ದು ಹೋಗುವ ತನಕ ತಡೆದುಕೊಂಡರೆ ಆಯಿತು. ಮೂವತ್ತು ವರ್ಷದ ಅನುಭವದಲ್ಲಿ ಒಂದು ಮಾಲೂ ಇಷ್ಟು ಕರಾರುವಾಕ್ಕಾಗಿ ಕೂಡಿರಲಿಲ್ಲ ಎಂದು ಬೀಗುತ್ತಾ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಗಣ್ಯರು ನನ್ನ ಲೆಕ್ಕದಂತೆಯೇ ನಡೆದುಕೊಂಡರು. ದೀಪ, ಶಾಲು, ಪೇಟಾ, ಇನ್ನೊಂದು ಕಾರ್ಯಕ್ರಮ. ಅವರ ಕಾರಿನ ಬಾಗಿಲು ಹಾಕಿದ ಸದ್ದಿಗೇ ನಾನು ಅಕ್ಕನ ಕೈಹಿಡಿದು ಎಬ್ಬಿಸಿ ನಡುವಿನ ಸೋಫಾದ ಮೇಲೆ ಕೂಡಿಸಿ ಬಾಜೂಕ್ಕೆ ನಾನೂ ಕುಳಿತೆ. ಎದೆಯ ಮೇಲೆ ರಿಬ್ಬನ್ನಿನ ಬ್ಯಾಜು ಹಚ್ಚಿಕೊಂಡ ಒಬ್ಬ ದೊಡ್ಡ ಮನುಷ್ಯ ಓಡಿ ಬಂದ.

"ಸಾಹೇಬ್ರ, ಇದು ಗಣ್ಯರಿಗೆ ಐತ್ರಿ."

"ಗಣ್ಯರು ಹೋದ್ರಲ್ರಿ."

"ಹೋದ್ರೂ ಅವರದ ರೀ ಇದು."

ನಾನು ಸೋಫಾದ ಕೈ ಹಿಡಿದು ಇನ್ನಷ್ಟು ಗಟ್ಟಿಯಾಗಿ ಕೂಡುವಷ್ಟರಲ್ಲಿ ಪರದೆ ಎದ್ದಿತು. ಅಲ್ಲಿಯವರೆಗೆ ಗಣ್ಯರ ಸೋಫಾದ ಮೇಲೇ ಕಣ್ಣಿಟ್ಟಿದ್ದವನು ಆಗ ನೋಡಿದೆ. ವೇದಿಕೆಯ ಅಂಚಿನ ತುಂಬ, ಈ ತುದಿಯಿಂದ ಆ ತುದಿಯವರೆಗೆ, ಬಣ್ಣಬಣ್ಣದ ಎಲೆಯ ಗಿಡಗಳ ಹನ್ನೆರಡು ಕುಂಡ. ಮಧ್ಯಾಹ್ನ ನರ್ಸರಿಯಿಂದ ತಂದಿಟ್ಟಿದ್ದರು. ನನ್ನ ಬೆಳಗಿನ ಲೆಕ್ಕದಲ್ಲಿ ಕುಂಡ ಇರಲಿಲ್ಲ. ಮೊದಲ ನೃತ್ಯ ಮುಗಿಯುವವರೆಗೆ ಎಂಟು ಹುಡುಗಿಯರು ಮೊಣಕಾಲ ತನಕ ತೋಟದಲ್ಲಿ ಇಳಿದು ಕೈ ಆಡಿಸಿದಂತೆ ಕಂಡರು.

ಚಪ್ಪಾಳೆ ನಿಂತಿತು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. "ಕಾಲೆಲ್ಲಿ?" ಎಂದಳು ಅಕ್ಕ. ಕೊನೆಯ ಸಾಲಿನವರೆಗೆ ಕೇಳಿತು. ನಾನು ಕುಂಡಗಳ ಕಡೆ ಕೈ ಮಾಡಿ ತುಟಿ ಮುರಿದೆ, ಏನು ಮಾಡುವುದು ಎನ್ನುವಂತೆ.

ಅಕ್ಕ ಏನು ಮಾಡುವುದೆಂದು ತೋರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು, ವೇದಿಕೆಯ ಹತ್ತಿರ ಹೋಗಿ, ನಡುವಿನ ಕುಂಡವನ್ನು ಎರಡೂ ಕೈಯಿಂದ ತಬ್ಬಿ ಕೆಳಗಿಳಿಸಿದಳು. ಬ್ಯಾಜಿನವನು ಬಂದು, "ಅಜ್ಜೀ, ಹಂಗ ಮುಟ್ಟಬ್ಯಾಡ್ರಿ, ಡೆಕೋರೇಶನ್ ಅದು!" ಎಂದು ಕೂಗಿದ. ಅಕ್ಕ ಅವನ ಬಾಯಿ ಆಡುವುದನ್ನು ನೋಡಿ, ಪಾಪ, ಸಹಾಯ ಮಾಡಲು ಬಂದಿದ್ದಾನೆ ಎಂದು ತಿಳಿದು, "ಹೌದಪ್ಪಾ, ಹಿಡಿ," ಎಂದು ಎರಡನೆಯ ಕುಂಡವನ್ನು ಅವನ ಕೈಗೇ ಇಟ್ಟಳು. ಕೊಟ್ಟ ಕುಂಡವನ್ನು ಬಿಡಲಾಗದೆ ಅವನು ಹಿಡಿದುಕೊಂಡು ನಿಂತ. ಮೂರನೆಯದಕ್ಕೆ ಹಿಂದಿನ ಸಾಲಿನ ಇಬ್ಬರು ಹೆಣ್ಣುಮಕ್ಕಳು ಎದ್ದು ಬಂದರು. ನಾಲ್ಕನೆಯದನ್ನು ನನ್ನ ಆರಡಿಯ ಗೃಹಸ್ಥ ಒಂದೇ ಕೈಯಲ್ಲಿ ಎತ್ತಿದ. ಹೌದು, ಅಂದೂ ಬಂದಿದ್ದ. ನಾನು ಎಷ್ಟು ವರ್ಷ ಟೇಪು ಹಿಡಿದು ಕುಂಡಗಳ ನಡುವಿನ ಸಂದು ಅಳೆದಿದ್ದೇನೋ, ಎತ್ತಿಡಬಹುದು ಎಂದು ಒಮ್ಮೆಯೂ ತೋಚಿರಲಿಲ್ಲ.

ಎರಡನೆಯ ನೃತ್ಯ ಶುರುವಾಯಿತು. ಹದಿನಾರು ಪಾದಗಳು, ಬೆರಳ ತುದಿಯ ಕೆಂಪಿನಿಂದ ಹಿಮ್ಮಡಿಯವರೆಗೆ, ಒಂದೂ ಮರೆಯಿಲ್ಲ. ಸಭಾಂಗಣದಲ್ಲಿ ಒಂದು ಉಸಿರು ಹೊರಟದ್ದು ಕೇಳಿಸಿತು. ನಾನು ಗೆದ್ದೆನೆಂದು ಅಕ್ಕನ ಕಡೆ ತಿರುಗಿದೆ. ಅಕ್ಕ ನಗುತ್ತಿರಲಿಲ್ಲ.

ಪ್ರತಿ ಗೆಜ್ಜೆಯ ಕೆಳಗೆ, ಪ್ರತಿ ಕಣಕಾಲಿಗೆ, ಒಂದೊಂದು ಬಿಳಿ ಅರಿವೆಯ ಪಟ್ಟಿ. ಕೆಲವರದು ಕರವಸ್ತ್ರ, ಕೆಲವರದು ದವಾಖಾನೆಯ ಬ್ಯಾಂಡೇಜು. ಒಬ್ಬಳದು ಸರಿದು ಕೆಳಗೆ ಇಳಿದಿತ್ತು. ಅವಳು ಎಡಗಾಲು ಕುಟ್ಟುವಾಗ ಒಂದು ಚೂರು ಮೆತ್ತಗೆ ಕುಟ್ಟುತ್ತಿದ್ದಳು. ಮೂರನೆಯ ಸಾಲಿನಿಂದ ಇದು ಕಾಣುತ್ತಿರಲಿಲ್ಲ. ಐದು ಹೆಜ್ಜೆ ದೂರದಿಂದ, ಪಾದದ ಮಟ್ಟದಲ್ಲಿ ಕುಳಿತವರಿಗೆ ಇದನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಅಕ್ಕನ ಬೆರಳುಗಳು ಮಡಿಲಲ್ಲಿ ತಾವಾಗಿಯೇ ಗಂಟು ಬಿಚ್ಚುವಂತೆ ಆಡುತ್ತಿದ್ದವು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕೊನೆಯ ನೃತ್ಯದ ಕೊನೆಯ ಹೆಜ್ಜೆಯವರೆಗೆ ಕಣ್ಣು ಕೀಳದೆ ಆ ಹದಿನಾರು ಪಾದಗಳನ್ನೇ ನೋಡಿದಳು. ಆ ದಿನ ಯಾವ್ಯಾವ ನೃತ್ಯವಾಯಿತೆಂದು ನನಗೆ ಈಗ ನೆನಪಿಲ್ಲ.

ಮುಗಿದ ಮೇಲೆ ನೇರ ಬಣ್ಣದ ಕೋಣೆಗೆ ಹೋದಳು. ಎಡಗಾಲು ಮೆತ್ತಗೆ ಕುಟ್ಟುತ್ತಿದ್ದ ಹುಡುಗಿಯನ್ನು ಕುರ್ಚಿಯ ಮೇಲೆ ಕೂಡಿಸಿ, ತಾನು ನೆಲಕ್ಕೆ ಕುಳಿತು, ಗೆಜ್ಜೆ ಬಿಚ್ಚಿ, ಪಟ್ಟಿ ಸರಿಸಿದಳು. ಎಲುಬಿನ ಮೇಲೆ ಕೆಂಪಗೆ ಸಾಲಾಗಿ ಗಂಟಿನ ಗುರುತು. ಅಕ್ಕ ಅದರ ಮೇಲೆ ಹೆಬ್ಬೆರಳಿಟ್ಟಳು.

"ಎತ್ತಿನ ಗಂಟು ಹಾಕೇನಿ ನಾನು," ಎಂದಳು. "ಎತ್ತು ಬಾಯಿಬಿಟ್ಟು ಹೇಳೂದಿಲ್ಲ. ನೀವ್ಯಾಕ ಹೇಳ್ಲಿಲ್ಲ ಯವ್ವಾ?"

ಹುಡುಗಿ ವೈಶಾಲಿ ಬಾಯಿಯನ್ನು ನೋಡಿದಳು. ವೈಶಾಲಿ ಬಾಯಿ ನನ್ನನ್ನು ನೋಡಿದರು. ಆಮೇಲೆ ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಅದನ್ನು ತಿಳಿಯಲು ಅಕ್ಕನಿಗೆ ಕಿವಿ ಬೇಕಾಗಲಿಲ್ಲ.

"ನನ್ನ ಕಿವಿ ಹೋಗ್ಯಾವ," ಎಂದಳು, ಈ ಸಲ ಮೆಲ್ಲಗೆ. "ನಿನ್ನ ಬಾಯಿಗೆ ಏನಾಗಿತ್ತು?"

ನನಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ. ಅವಳ ಮರ್ಯಾದೆ ಕಾಯುತ್ತಿದ್ದೇನೆ ಎಂದು ತಿಳಿದಿದ್ದೆ, ಕಾಯ್ದದ್ದು ನನ್ನ ಅಂಜಿಕೆಯನ್ನು. ಅಕ್ಕ ಎಂಟೂ ಜೋಡಿಯನ್ನು ನನ್ನ ಚೀಲಕ್ಕೆ ತುಂಬಿಸಿ, "ಸುದ್ದ ಮಾಡಿ ಕಳಸ್ತೀನಿ," ಎಂದು ವೈಶಾಲಿ ಬಾಯಿಗೆ ಕೈ ಮುಗಿದಳು. ಅವರು ಬೇಡವೆನ್ನುವ ಹಾಗೆ ಕೈ ಹಿಡಿದುಕೊಂಡರು. ಅಕ್ಕ ಬಿಡಿಸಿಕೊಂಡಳು.

ಮೂರು ವಾರ ಅವಳು ನನ್ನ ಜೊತೆ ಮಾತನಾಡಲಿಲ್ಲ. ಒಂದೊಂದೇ ಗಂಟು ಸೂಜಿಯಿಂದ ಬಿಚ್ಚಿದಳಂತೆ. ಗಂಟು ಒಳಮೈಗೆ ಬಾರದೆ ಎರಡು ಗೆಜ್ಜೆಗಳ ನಡುವೆ ಅಡಗಿ ಕೂಡುವ ಹೊಸ ಬಿಗಿತ ಹುಡುಕುತ್ತಾ ಮೂರು ಸಲ ಕೆಡಿಸಿ ಕಟ್ಟಿದಳಂತೆ. ಇದೆಲ್ಲ ಅವಳ ಸೊಸೆ ಫೋನಿನಲ್ಲಿ ಹೇಳಿದ್ದು. ಕೊನೆಗೆ ಕಳೆದ ರವಿವಾರ ಕರೆ ಬಂತು. "ಅತ್ತಿ ನಿಮ್ಮನ್ನ ಬಾ ಅಂದಾರ್ರಿ, ಮಾವಾರ. ಬೂಟ್ ಹಾಕ್ಕೊಂಡ ಬರಬ್ಯಾಡ ಅಂದಾರ."

ಬೂಟಿನ ಅರ್ಥ ಖಾನಾಪುರ ಮುಟ್ಟಿದ ಮೇಲೆ ತಿಳಿಯಿತು. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು, ಮಡಿಲಲ್ಲಿ ಹೊಸದಾಗಿ ಪೋಣಿಸಿದ ಒಂದು ಜೋಡಿ. ನನ್ನನ್ನು ನೋಡಿ ಪ್ಯಾಂಟು ಮಡಚುವಂತೆ ಕೈ ಮಾಡಿದಳು.

"ಹುಡುಗ್ಯಾರ ಕಾಲಿಗೆ ಕಟ್ಟೂ ಮೊದ್ಲ ನೋಡಬೇಕು," ಎಂದಳು. "ಇಲ್ಲಿ ಮತ್ಯಾರದಾರ? ನಿನ್ನ ಕಾಲು ಸಣ್ಣೂ ಅದಾವ. ಬಾ."

ಅಳತೆ ಸರಿಯಾಗಿತ್ತು, ಪ್ಯಾಂಟು ಮಡಚಿದೆ. ಮೂವತ್ತು ವರ್ಷ ಬೇರೆಯವರ ಚಪ್ಪಲಿ ಕಾಯ್ದವನು, ಅರವತ್ತೆರಡನೆಯ ವಯಸ್ಸಿನಲ್ಲಿ, ಹಾಡುಹಗಲು, ಅಕ್ಕನ ಅಂಗಳದಲ್ಲಿ ಗೆಜ್ಜೆ ಕಟ್ಟಿಸಿಕೊಂಡು ನಿಂತೆ. ಓಣಿಯ ಹೆಂಗಸರು ಅಕ್ಕಿ ಆರಿಸುವ ಮೊರ ಸಮೇತ ಹೊರಗೆ ಬಂದರು. ಎದುರು ಮನೆಯ ಮರಾಠಿ ಆಜಿಬಾಯಿ ಕುರ್ಚಿಯನ್ನೇ ತರಿಸಿಕೊಂಡರು. ಅಕ್ಕ ಕಟ್ಟೆಯಿಂದ ಇಳಿದು ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತಳು. ಅವಳ ಕಣ್ಣಿಗೂ ನನ್ನ ಪಾದಕ್ಕೂ ನಡುವೆ ಏನೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಬೆಳಗಾವಿಯಲ್ಲಿ ಎಲ್ಲಿಯೂ ಇಲ್ಲ, ನಾನು ಅಳೆದು ನೋಡಿದ್ದೇನೆ.

"ಕುಣಿ," ಎಂದಳು.

ಕುಣಿದೆ. ಅದನ್ನು ಕುಣಿತ ಎನ್ನಬಹುದೋ ಇಲ್ಲವೋ, ಕಾಲು ಮಾತ್ರ ಬಿದ್ದವು. ಆಜಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಬಲಗಾಲು ಕುಟ್ಟಿದೆ, ಎಡಗಾಲು ಕುಟ್ಟಿದೆ. ಅಕ್ಕ ನಗಲಿಲ್ಲ, ಬಗ್ಗಿ ಕಣಕಾಲನ್ನೇ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕೈಯೆತ್ತಿ ನಿಲ್ಲಿಸಿದಳು.

"ಚುಚ್ಚತೈತೇನು?"

ಓಣಿಯೆಲ್ಲ ನನ್ನ ಬಾಯಿ ನೋಡುತ್ತಿತ್ತು. ಬಲಗಾಲಿನದು ಹೂವಿನ ಹಾಗೆ ಕುಳಿತಿತ್ತು. ಎಡಗಾಲಿನ ಹಿಂಬದಿಗೆ ಒಂದು ಗಂಟು, ಒಂದೇ ಒಂದು, ಚೂರು ತಾಗುತ್ತಿತ್ತು. ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ತಾವಾಗಿಯೇ ಕೂಡಲು ಹೊರಟವು. ಕೈಯನ್ನು ಜೇಬಿಗೆ ತುರುಕಿದೆ. ಬಗ್ಗಿ, ಅಕ್ಕನ ಬಲಗಿವಿಗೆ ಬಾಯಿ ಹಚ್ಚಿ, ಪೇಟೆಯವರೆಗೆ ಕೇಳುವಂತೆ ಕೂಗಿದೆ.

"ಎಡಗಾಲಿಂದು ಚುಚ್ಚತೈತೀ, ಯಕ್ಕಾ!"

ಅಕ್ಕ ಮುಖವೆತ್ತಿ ನನ್ನನ್ನು ನೋಡಿದಳು. ಮೂರು ವಾರದ ಮೇಲೆ ಮೊದಲ ಸಲ ನಕ್ಕಳು. ನನ್ನ ಎಡಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಸೂಜಿ ಹಿಡಿದು ಬಿಚ್ಚತೊಡಗಿದಳು.